ಡಬ್ಬಿಯೊಳಗೆ ಏನೇನು ಕಳಿಸಿದ್ರಿ?

2018ರ ಮಳೆಗಾಲ. ನಾಸಿಕದಲ್ಲಿ ಒಂದು ವಾರದಿಂದ ಬಿಟ್ಟೂಬಿಡದೆ ಮಳೆ. ರಾತ್ರಿ ಹತ್ತೂವರೆಗೆ ಮಗಳ ಫೋನು ಬಂತು. ಅವಳು ನ್ಯೂಜೆರ್ಸಿಯಲ್ಲಿದ್ದಾಳೆ. ಸಾಮಾನ್ಯವಾಗಿ ಭಾನುವಾರ ಬಿಟ್ಟು ಬೇರೆ ದಿನ ಮಾಡುವವಳಲ್ಲ. "ಅಪ್ಪಾ, ಅವ್ವ ಬರೋ ಮುಂದ ಆ ಡಬ್ಬಿದಾಗ ಏನೇನು ತಂದಿದ್ಲು, ಒಂದೊಂದೇ ನೆನಪು ಮಾಡಿ ಹೇಳ್ರಿ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಏನೋ ಆಗಿದೆ ಅಂತ ತಿಳಿಯಿತು.

ವಿಷಯ ಇಷ್ಟು. ಅಲ್ಲಿ ಮಗುವಿಗೆ ಒಂದು ವರ್ಷ ತುಂಬಿದಾಗ ಒಮ್ಮೆ, ಎರಡು ತುಂಬಿದಾಗ ಇನ್ನೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಬೇಕು. ಅದು ಅಲ್ಲಿಯ ಕಾಯಿದೆ. ಮೊಮ್ಮಗನ ರಕ್ತದಲ್ಲಿ ಒಂದು ಡೆಸಿಲೀಟರಿಗೆ 9 ಮೈಕ್ರೋಗ್ರಾಂ ಬಂದಿತ್ತು. ಆಗ ಅಮೆರಿಕದಲ್ಲಿ 5 ದಾಟಿದರೆ ವಿಚಾರಣೆ. (ಈಗ, 2021ರಿಂದ, ಅದು 3.5.) ಆರೋಗ್ಯ ಇಲಾಖೆಯ ನರ್ಸ್ ಒಬ್ಬಾಕೆ ಮನೆಗೇ ಬಂದು ಕಿಟಕಿ, ಬಾಗಿಲು, ನಲ್ಲಿ ನೀರು ಎಲ್ಲಾ ನೋಡಿದಳಂತೆ. ಮನೆ ಹೊಸದು, ಬಣ್ಣದಲ್ಲಿ ಏನೂ ಇಲ್ಲ. ಆಮೇಲೆ ಚೀಲದಿಂದ ಒಂದು ಪಟ್ಟಿ ತೆಗೆದಳಂತೆ. ಅದರಲ್ಲಿ ಬರೆದಿದ್ದದ್ದು: ಅರಿಶಿನ, ಖಾರದ ಪುಡಿ, ಕುಂಕುಮ, ಸಿಂದೂರ, ಕಾಡಿಗೆ, ಸುರ್ಮಾ, ಭಸ್ಮದ ಗುಳಿಗೆ, ಹಿತ್ತಾಳೆ ಪಾತ್ರೆ.

"ಅಪ್ಪಾ, ಅದು ನಮ್ಮ ಮನಿ ಸಾಮಾನಿನ ಯಾದಿ ಇದ್ದಂಗೇ ಇತ್ತು" ಅಂದಳು ಮಗಳು.

ಅವಮಾನವೆನಿಸಿತು ಅಂತ ಒಪ್ಪಿಕೊಳ್ಳುತ್ತೇನೆ. ನಮ್ಮ ದೇವರ ಜಗುಲಿ, ನಮ್ಮ ಒಗ್ಗರಣೆ ಡಬ್ಬಿ ಇವನ್ನೆಲ್ಲ ಒಬ್ಬ ಪರದೇಶದ ಹೆಣ್ಣುಮಗಳು ವಿಷದ ಪಟ್ಟಿಯಲ್ಲಿ ಬರೆದುಕೊಂಡು ತಿರುಗುತ್ತಾಳಲ್ಲ ಅಂತ. ಆ ಸಿಟ್ಟಿನಲ್ಲೇ ಓದಲು ಶುರು ಮಾಡಿದೆ. ಓದುತ್ತಾ ಹೋದ ಹಾಗೆ ಸಿಟ್ಟು ಬೇರೆ ಕಡೆ ತಿರುಗಿತು. ಈ ಬರಹ ಅದರದ್ದೇ.

ಹೊಸ ಓದುಗರಿಗೆ ನನ್ನ ಪರಿಚಯ ಎರಡು ಸಾಲು. ನನ್ನದು ಬೀದರ್ ಕಡೆಯ ಊರು. 1979ರಲ್ಲಿ ಹೊಟ್ಟೆಪಾಡಿಗೆ ಅಂತ ಬಂದದ್ದು ವೈಜಾಪುರಕ್ಕೆ, ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯಲು. ನಾಸಿಕದಿಂದ ಯೇವಲೆ ದಾಟಿ ಔರಂಗಾಬಾದಿಗೆ (ಈಗಿನ ಛತ್ರಪತಿ ಸಂಭಾಜಿನಗರ) ಹೋಗುವ ದಾರಿಯಲ್ಲಿದೆ ಆ ಊರು. ರೈಲಿಗೆ ಹೋಗುವವರು ರೋಟೆಗಾಂವ್ ಸ್ಟೇಷನ್ನಿನಲ್ಲಿ ಇಳಿಯಬೇಕು. ನಮ್ಮಪ್ಪನಿಗೆ ಅದು ಪರನಾಡು ಅನ್ನಿಸಿರಲೇ ಇಲ್ಲ. 1956ರ ತನಕ ಬೀದರ್, ಗುಲ್ಬರ್ಗಾ, ಔರಂಗಾಬಾದ್ ಎಲ್ಲಾ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. "ನೀ ಎಲ್ಲಿಗೂ ಹೋಗಿಲ್ಲ, ಆ ಕೋಣಿಯಿಂದ ಈ ಕೋಣಿಗೆ ಬಂದೀದಿ" ಅನ್ನುತ್ತಿದ್ದ. ಮಗಳು ಹುಟ್ಟಿದ್ದು ಅಲ್ಲೇ, 1984ರಲ್ಲಿ. 1988ಕ್ಕೆ ನಾಸಿಕಕ್ಕೆ ಬಂದೆವು, ಇಲ್ಲೇ ಬೇರು ಬಿಟ್ಟೆವು.

ಇನ್ನು ಸೀಸದ ವಿಷಯ. ಮೊದಲು ಒಂದು ಗೊಂದಲ ಬಿಡಿಸೋಣ. ನಾವು ಶಾಲೆಯಲ್ಲಿ ಪೆನ್ಸಿಲ್ಲಿಗೆ ಸೀಸದಕಡ್ಡಿ ಅಂತಿದ್ದೆವು. ಮರಾಠಿಯವರು ಈಗಲೂ ಶಿಸಪೆನ್ಸಿಲ್ ಅನ್ನುತ್ತಾರೆ. ಪೆನ್ಸಿಲ್ ಚೀಪಿದರೆ ಸೀಸ ಹೊಟ್ಟೆಗೆ ಹೋಗುತ್ತದೆ ಅಂತ ಮಾಸ್ತರು ಬೆತ್ತ ತೋರಿಸುತ್ತಿದ್ದರು. ಪೆನ್ಸಿಲ್ಲಿನೊಳಗೆ ಇರುವುದು ಗ್ರಾಫೈಟು, ಅಂದರೆ ಒಂದು ಥರದ ಇಂಗಾಲ, ಸೀಸವಲ್ಲ. ಆದರೆ ಅದೇ ಶಾಲೆಯ ಕಿಟಕಿಯ ಹಸಿರು ಬಣ್ಣ, ಬೆಂಚಿನ ಬಣ್ಣ, ಎದುರಿನ ರಸ್ತೆಯ ಲಾರಿ ಹೊಗೆ, ಇವುಗಳ ಬಗ್ಗೆ ಯಾವ ಮಾಸ್ತರೂ ಬೆತ್ತ ಎತ್ತಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಬಿಡಿ.

ಗೊತ್ತಿದ್ದವರು ಇದ್ದರು, ಅದೇ ನೋಡಿ ಹೊಟ್ಟೆ ಉರಿಯುವುದು. 1892ರಲ್ಲೇ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಜೆಫ್ರಿಸ್ ಟರ್ನರ್ ಎಂಬ ಡಾಕ್ಟರು ಮಕ್ಕಳಲ್ಲಿ ಸೀಸದ ವಿಷ ಏರಿದ್ದನ್ನು ಗುರುತಿಸಿದರು. ಎಲ್ಲಿಂದ ಬಂತು ಅಂತ ಮಾತ್ರ ತಿಳಿಯಲಿಲ್ಲ. 1904ರಲ್ಲಿ ಅದೇ ಊರಿನ ಕಣ್ಣಿನ ಡಾಕ್ಟರು ಲಾಕ್‌ಹಾರ್ಟ್ ಗಿಬ್ಸನ್ ಪತ್ತೆ ಹಚ್ಚಿದರು: ಮನೆಯ ಪಡಸಾಲೆಯ ಕಟಾಂಜನ. ಬಿಸಿಲಿಗೆ ಬಣ್ಣ ಪುಡಿಯಾಗುತ್ತದೆ, ಮಕ್ಕಳು ಅದನ್ನು ಹಿಡಿದು ನಿಲ್ಲುತ್ತವೆ, ಕೈ ಬಾಯಿಗೆ ಹೋಗುತ್ತದೆ. ಇದನ್ನು ನಂಬಿಸಲು ಅವರು ವರ್ಷಗಟ್ಟಲೆ ಹೆಣಗಬೇಕಾಯಿತು. 1922ರಲ್ಲಿ ಕ್ವೀನ್ಸ್‌ಲೆಂಡ್ ಸರ್ಕಾರ ಮಕ್ಕಳ ಕೈಗೆ ಎಟಕುವ ಕಡೆ ಸೀಸದ ಬಣ್ಣ ಬಳಿಯಬಾರದು ಅಂತ ಕಾನೂನು ಮಾಡಿತು. ಅಮೆರಿಕ ಮನೆಬಣ್ಣದಲ್ಲಿ ಸೀಸ ನಿಷೇಧಿಸಿದ್ದು 1978ರಲ್ಲಿ. ನಮ್ಮಲ್ಲಿ? 2016ರ ನವೆಂಬರಿನಲ್ಲಿ ನಿಯಮ ಹೊರಟಿತು, 2017ರ ನವೆಂಬರ್ 1ರಿಂದ ಜಾರಿ. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು ಅಂತ. ಗಿಬ್ಸನ್ ಬರೆದದ್ದಕ್ಕೂ ನಮ್ಮ ನಿಯಮಕ್ಕೂ ನಡುವೆ 112 ವರ್ಷ. ಅದಕ್ಕೂ ಮೊದಲು ಬಳಿದ ಬಣ್ಣ ಮಾತ್ರ ನಮ್ಮ ಹಳೆಯ ಮನೆಗಳ ಗೋಡೆ ಬಾಗಿಲುಗಳ ಮೇಲೆ ಇನ್ನೂ ಪದರು ಪದರಾಗಿ ಕೂತಿದೆ.

ಪೆಟ್ರೋಲಿನ ಕಥೆ ಇನ್ನೂ ದೊಡ್ಡದು. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಎಂಬ ಇಂಜಿನಿಯರ್ ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಿದರೆ ಎಂಜಿನ್ ಬಡಿಯುವುದು ನಿಲ್ಲುತ್ತದೆ ಅಂತ ಕಂಡುಕೊಂಡ. 1924ರಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಅದನ್ನು ತಯಾರಿಸುತ್ತಿದ್ದ ಕೆಲಸಗಾರರು ಹುಚ್ಚು ಹಿಡಿದು ಸತ್ತರು, ಐದು ಜನ. (ಹೌದು, ಅದೇ ನ್ಯೂಜೆರ್ಸಿ!) ಮಿಜ್ಲಿ ಪತ್ರಕರ್ತರ ಮುಂದೆ ಆ ದ್ರವದಲ್ಲಿ ಕೈ ತೊಳೆದು ತೋರಿಸಿದ. ಸ್ವತಃ ಅವನೇ ಸೀಸದ ವಿಷಕ್ಕೆ ಸಿಕ್ಕಿ ಹಿಂದಿನ ವರ್ಷ ತಿಂಗಳುಗಟ್ಟಲೆ ವಿಶ್ರಾಂತಿ ತೆಗೆದುಕೊಂಡು ಬಂದಿದ್ದ. ಮುಂದೆ ಇಡೀ ಜಗತ್ತಿನ ಗಾಡಿಗಳು ಅದನ್ನೇ ಉಗುಳಿದವು. ಕಡೆಯದಾಗಿ ಬಂಕಿನಲ್ಲಿ ಮಾರುವುದು ನಿಂತದ್ದು ಅಲ್ಜೀರಿಯಾದಲ್ಲಿ, 2021ರಲ್ಲಿ.

ನಮ್ಮ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲು ಮೊದಲು ಬಂದದ್ದು 1995ರ ಏಪ್ರಿಲಿನಲ್ಲಿ, ದೆಹಲಿ, ಮುಂಬೈ, ಕಲ್ಕತ್ತ, ಚೆನ್ನೈ ನಾಲ್ಕು ಊರುಗಳಿಗೆ ಮಾತ್ರ. ಅದೂ ಹೊಸ ಕಾರುಗಳಿಗಾಗಿ. ದೇಶಕ್ಕೆಲ್ಲ ಬಂದದ್ದು 2000ದ ಫೆಬ್ರವರಿ 1ರಂದು. ಈ ಐದು ವರ್ಷದ ನಡುವೆ ಬೆಂಗಳೂರಿನಲ್ಲಿ ಒಂದು ಕೆಲಸ ನಡೆಯಿತು. ಕನ್ನಡದವರಾದ ನಮಗೇ ಅದು ಸರಿಯಾಗಿ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೇರಳ ಮೂಲದ ಅಬ್ರಹಾಂ ಜಾರ್ಜ್ ಎಂಬವರು ಸೈನ್ಯದಲ್ಲಿದ್ದು, ಆಮೇಲೆ ಅಮೆರಿಕದಲ್ಲಿ ದುಡ್ಡು ಮಾಡಿ, 1995ರಲ್ಲಿ ವಾಪಸು ಬಂದು ಬೆಂಗಳೂರಿನಲ್ಲಿ ಜಾರ್ಜ್ ಫೌಂಡೇಶನ್ ಕಟ್ಟಿದರು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಜೀವರಸಾಯನ ಕಲಿಸುತ್ತಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರ ಜೊತೆಯಾದರು. ಬೆಂಗಳೂರು, ಮುಂಬೈ, ಚೆನ್ನೈ, ಹೈದರಾಬಾದ್ ಸೇರಿ ಏಳು ಊರುಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ರಕ್ತ ತೆಗೆದು ಪರೀಕ್ಷಿಸಿದರು. ಅಲ್ಲಿಯವರೆಗೆ ನಮ್ಮಲ್ಲಿ ಇಂಥ ದೊಡ್ಡ ಲೆಕ್ಕವೇ ಇರಲಿಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತದಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿತ್ತು. ನೆನಪಿಡಿ, ನನ್ನ ಮೊಮ್ಮಗನದು 9, ಅಷ್ಟಕ್ಕೇ ಮನೆಗೆ ನರ್ಸ್ ಬಂದಳು. ಇಲ್ಲಿ ಪ್ರತಿ ಎರಡನೇ ಮಗುವಿನ ಮನೆಗೆ ಯಾರು ಹೋಗಬೇಕಿತ್ತು?

1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಈ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ ಸೀಸದ ಪೆಟ್ರೋಲು ನಿಂತಿತು. ಸುಪ್ರೀಂ ಕೋರ್ಟಿನಲ್ಲಿ ಎಂ. ಸಿ. ಮೆಹ್ತಾ ಹಾಕಿದ ಮೊಕದ್ದಮೆಗಳೂ, ಹೊಸ ಕಾರುಗಳ ತಂತ್ರಜ್ಞಾನವೂ ಅದರ ಹಿಂದಿವೆ, ಒಬ್ಬರಿಗೇ ಶ್ರೇಯ ಕೊಡುವುದು ಸರಿಯಲ್ಲ. ಆದರೆ "ಮಕ್ಕಳ ರಕ್ತದಲ್ಲಿ ಇಷ್ಟಿದೆ ನೋಡಿ" ಅಂತ ಅಂಕಿ ತಂದು ಮೇಜಿನ ಮೇಲೆ ಇಟ್ಟವರು ಇವರು. ವೆಂಕಟೇಶರು ಸೇಂಟ್ ಜಾನ್ಸ್‌ನಲ್ಲಿ ಸೀಸದ ವಿಷಕ್ಕೆಂದೇ ರಾಷ್ಟ್ರೀಯ ಕೇಂದ್ರ ತೆರೆದರು. ಜನ ಅವರನ್ನು ಭಾರತದ ಸೀಸದ ಮನುಷ್ಯ ಅಂತಲೇ ಕರೆಯುತ್ತಾರೆ.

ಪೆಟ್ರೋಲು ಬದಲಾದ ಮೇಲೆ ಮುಂಬೈಯ ಮಕ್ಕಳನ್ನು ಮತ್ತೆ ಪರೀಕ್ಷಿಸಿದರು, ಅದು 2006ರಲ್ಲಿ ಪ್ರಕಟವಾಯಿತು. ಮೊದಲು ನೂರರಲ್ಲಿ ಅರುವತ್ತರಷ್ಟು ಮಕ್ಕಳು 10 ದಾಟಿದ್ದರು, ಈಗ ಮೂವತ್ತಮೂರು. ಒಂದು ಸರ್ಕಾರಿ ಆದೇಶದಿಂದ ಅಷ್ಟು ಇಳಿಯಿತು. ಸಂತೋಷವೇ. ಆದರೆ ಪೆಟ್ರೋಲಿನಲ್ಲಿ ಸೀಸವೇ ಇಲ್ಲದ ಮೇಲೆ ಉಳಿದ ಮೂವತ್ತಮೂರು ಎಲ್ಲಿಂದ ಬಂತು?

ಅದಕ್ಕೆ ಉತ್ತರ ಸ್ವಲ್ಪ ನಮ್ಮ ಕರಾವಳಿಯಿಂದಲೇ ಸಿಗುತ್ತದೆ. ಮಂಗಳೂರಿನ ಸಂಶೋಧಕರು ವೆಂಕಟೇಶರ ಜೊತೆಗೂಡಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 107 ಶಾಲಾಮಕ್ಕಳ ರಕ್ತ ನೋಡಿದರು. ಅದರಲ್ಲಿ ಹತ್ತು ಮಕ್ಕಳಿಗೆ 40 ಅಥವಾ ಅದಕ್ಕೂ ಮೇಲೆ! ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ತೆಗೆದುಕೊಂಡು ಆ ಮಕ್ಕಳ ಮನೆಗೇ ಹೋದರು. ಎಂಟು ಮಕ್ಕಳ ವಿಷಯದಲ್ಲಿ ಮೂಲ ಸಿಕ್ಕಿತು: ಮನೆಯ ಬಣ್ಣ, ಆಟದ ಜಾಗ, ಅಂಗಳದ ಮಣ್ಣು, ಬಣ್ಣದ ಚಕ್ಕೆ ತಿನ್ನುವ ಚಟ, ಹಚ್ಚಿಕೊಳ್ಳುವ ಸೌಂದರ್ಯದ ವಸ್ತು. ಎಲ್ಲಾ ಮಗುವಿನ ಕೈಯಳತೆಯಲ್ಲೇ ಇತ್ತು.

ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ವೈಜಾಪುರದ ನಮ್ಮ ಬಾಡಿಗೆ ಕೋಣೆ ನೆನಪಾಯಿತು. ಕೆಳಗೆ ಒಂದು ಬ್ಯಾಟರಿ ದುರಸ್ತಿ ಅಂಗಡಿ. ಹೆದ್ದಾರಿ ಪಕ್ಕ, ಲಾರಿಯವರು ಅಲ್ಲೇ ನಿಲ್ಲಿಸುತ್ತಿದ್ದರು. ಮಾಲೀಕ ಒಳ್ಳೆಯ ಮನುಷ್ಯ. ಹಳೆಯ ಬ್ಯಾಟರಿ ಒಡೆದು ಒಳಗಿನ ತಟ್ಟೆಗಳನ್ನು ಹಿತ್ತಲಲ್ಲಿ ಕಬ್ಬಿಣದ ಬಾಣಲೆಯಲ್ಲಿ ಕರಗಿಸುತ್ತಿದ್ದ. ಸೀಸ ಕರಗಲು 327 ಡಿಗ್ರಿ ಸಾಕು, ಕಟ್ಟಿಗೆ ಒಲೆಯಲ್ಲೇ ಆಗುತ್ತದೆ. ಬೆಳ್ಳಿ ಹಾಗೆ ಹೊಳೆಯುವ ಆ ದ್ರವವನ್ನು ಅಚ್ಚಿಗೆ ಸುರಿಯುವುದನ್ನು ನೋಡಲು ಓಣಿಯ ಹುಡುಗರೆಲ್ಲ ಸುತ್ತ ಕೂರುತ್ತಿದ್ದರು. ನನ್ನ ಮಗಳೂ. ಅವನು ಪ್ರೀತಿಯಿಂದ ಅವಳಿಗೆ ಒಂದು ಸಣ್ಣ ಸೀಸದ ನಂದಿ ಅಚ್ಚು ಹಾಕಿ ಕೊಟ್ಟಿದ್ದ. ಅದು ಅವಳ ಬಾಯಲ್ಲೋ ಕೈಯಲ್ಲೋ ಇರುತ್ತಿತ್ತು. ಮೂರು ವರ್ಷದವಳಿದ್ದಾಗ ಹೊಟ್ಟೆನೋವು ಅಂತ ಅಳುತ್ತಿದ್ದಳು, ಬಿಳಿಚಿಕೊಂಡಿದ್ದಳು. ಡಾಕ್ಟರು ಜಂತುಹುಳದ ಔಷಧಿ ಕೊಟ್ಟರು, ಕಬ್ಬಿಣದ ಟಾನಿಕ್ ಕೊಟ್ಟರು. ಅವರನ್ನು ಬಯ್ಯಲಾರೆ. ಹುಳವೂ ಇದ್ದಿರಬಹುದು.

ಸೀಸದ ಗುಣವೇ ಹಾಗೆ, ಬೇರೆಯವರ ವೇಷದಲ್ಲಿ ಬರುತ್ತದೆ. ನಮ್ಮ ದೇಹ ಅದನ್ನು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಅಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ದೊಡ್ಡವರು ನುಂಗಿದ ಸೀಸದಲ್ಲಿ ಹತ್ತರಲ್ಲಿ ಒಂದು ಪಾಲು ಮೈಗೆ ಹತ್ತಿದರೆ, ಚಿಕ್ಕ ಮಕ್ಕಳಿಗೆ ಅರ್ಧದಷ್ಟು ಹತ್ತುತ್ತದೆ. ಹೊಟ್ಟೆ ಖಾಲಿ ಇದ್ದರೆ, ಊಟದಲ್ಲಿ ಕಬ್ಬಿಣ, ಸುಣ್ಣ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಬಡವರ ಮಗುವಿಗೆ ಎರಡು ಸಲ ಹೊಡೆತ. ಒಳಗೆ ಹೋಗಿ ರಕ್ತ ಕಟ್ಟುವ ಕೆಲಸ ಕೆಡಿಸುತ್ತದೆ, ಹಾಗಾಗಿ ಮಗು ಬಿಳಿಚುತ್ತದೆ. ಬೆಳೆಯುವ ಮಿದುಳಿಗೆ ಕೈ ಹಾಕುತ್ತದೆ. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ಅಮೆರಿಕದ ಡಾಕ್ಟರು ಬೋಸ್ಟನ್ ಹತ್ತಿರದ ಶಾಲೆಗಳ ಮಕ್ಕಳ ಬಿದ್ದ ಹಾಲುಹಲ್ಲು ಕೂಡಿಸಿ ಅಳೆದರು. ಹಲ್ಲಿನಲ್ಲಿ ಸೀಸ ಹೆಚ್ಚಿದ್ದವರು ನೋಡಲು ಗಟ್ಟಿಮುಟ್ಟಾಗೇ ಇದ್ದರು, ಆದರೆ ಬುದ್ಧಿಯ ಪರೀಕ್ಷೆಯಲ್ಲಿ, ಗಮನದಲ್ಲಿ ಹಿಂದೆ. ನಾವು ಹಾಲುಹಲ್ಲನ್ನು ಸೂರಿನ ಮೇಲೆ ಎಸೆದು ಕೈಮುಗಿದೆವು.

"ನನ್ನ ಮಗಳು ಇಂಜಿನಿಯರ್ ಆದಳಲ್ಲ, ಏನೂ ಆಗಿಲ್ಲವಲ್ಲ" ಅಂತ ಸಮಾಧಾನ ಮಾಡಿಕೊಳ್ಳಬಹುದು. ಮಾಡಿಕೊಂಡೆ ಕೂಡ. ಒಂದೊಂದು ಮಗುವನ್ನು ನೋಡಿ ಇಂತಿಷ್ಟು ಕಳೆಯಿತು ಅಂತ ಹೇಳಲು ಬರುವುದಿಲ್ಲ, ಸಾವಿರ ಮಕ್ಕಳನ್ನು ಕೂಡಿಸಿ ನೋಡಿದಾಗಲೇ ಕಾಣುವ ನಷ್ಟ ಅದು. ಆದರೆ ಇನ್ನೊಂದು ಸಂಗತಿ ಇದೆ. ಸೀಸ ಎಲುಬಿನಲ್ಲಿ ಹೋಗಿ ಕೂರುತ್ತದೆ, ಇಪ್ಪತ್ತು ಮೂವತ್ತು ವರ್ಷವಾದರೂ ಪೂರ್ತಿ ಇಳಿಯುವುದಿಲ್ಲ. ಹೆಣ್ಣುಮಗಳು ಬಸುರಿಯಾದಾಗ ಕೂಸಿನ ಎಲುಬು ಕಟ್ಟಲು ಅವಳ ಎಲುಬಿನ ಸುಣ್ಣ ಕರಗುತ್ತದೆ, ಜೊತೆಗೆ ಅಲ್ಲಿ ಕೂತಿದ್ದ ಸೀಸವೂ ಹೊರಡುತ್ತದೆ. ಇದನ್ನು ಮಗಳೇ ನನಗೆ ಹೇಳಿದ್ದು. ಹೇಳಿ, "ಆಗ ನಂದೂ ಒಮ್ಮೆ ನೋಡಿಸಿದ್ರೇನು ಅಪ್ಪಾ?" ಅಂದಳು. ಇಲ್ಲ ಅಂದೆ. 1987ರಲ್ಲಿ ವೈಜಾಪುರದಲ್ಲಿ ಯಾರು ನೋಡುತ್ತಿದ್ದರು!

ಡಬ್ಬಿಗೆ ಮರಳೋಣ. ಎಲ್ಲರ ಸಂಶಯ ಅರಿಶಿನದ ಮೇಲಿತ್ತು, ಕಾರಣವೂ ಇದೆ. ಸೀಸದ ಕ್ರೋಮೇಟ್ ಅಂತ ಗಾಢ ಹಳದಿ ಬಣ್ಣವೊಂದಿದೆ, ಮಂಕು ಅರಿಶಿನ ಕೊಂಬಿಗೆ ಹೊಳಪು ಕೊಡಲು ಕೆಲವರು ಬಳಸುತ್ತಾರೆ. ಬಾಂಗ್ಲಾದೇಶದಲ್ಲಿ 1980ರ ದಶಕದ ನೆರೆಯಲ್ಲಿ ನೆಂದು ಕಪ್ಪಾದ ಅರಿಶಿನವನ್ನು ಮಾರಲು ಈ ಚಟ ಹಬ್ಬಿತಂತೆ. 2019ರಲ್ಲಿ ಅಲ್ಲಿ ಮಾರುಕಟ್ಟೆಯ ನೂರು ಮಾದರಿಯಲ್ಲಿ ನಲವತ್ತೇಳರಲ್ಲಿ ಸೀಸ ಸಿಕ್ಕಿತ್ತು. ಸರ್ಕಾರ ಪೇಟೆಗೆ ಯಂತ್ರ ತಂದು, ದಂಡ ಹಾಕಿ, ಪತ್ರಿಕೆಯಲ್ಲಿ ಬರೆಸಿತು. 2021ಕ್ಕೆ ಅದು ಸೊನ್ನೆ. ಎರಡೇ ವರ್ಷ! ಆಗುವುದಿಲ್ಲ ಅನ್ನುವವರಿಗೆ ತೋರಿಸಬೇಕಾದ ಲೆಕ್ಕ. ಭಾರತದಲ್ಲಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾಟ್ನಾದ ಅರಿಶಿನದಲ್ಲಿ ತೀರಾ ಹೆಚ್ಚು ಕಂಡಿದೆ. ನ್ಯೂಯಾರ್ಕ್ ಆರೋಗ್ಯ ಇಲಾಖೆ ಹತ್ತು ವರ್ಷದಲ್ಲಿ ಸುಮಾರು 1,500 ಮಸಾಲೆ ಮಾದರಿ ನೋಡಿ 2019ರಲ್ಲಿ ಹೇಳಿದ್ದು ನಮ್ಮಂಥವರಿಗೇ ಹೇಳಿದ ಹಾಗಿದೆ: ಅಲ್ಲಿಯ ಅಂಗಡಿಯಲ್ಲಿ ಕೊಂಡದ್ದಕ್ಕಿಂತ, ತವರಿನಿಂದ ಕಟ್ಟಿಕೊಂಡು ಹೋದ ಮಸಾಲೆಯಲ್ಲೇ ಸೀಸ ಹೆಚ್ಚು. ಪ್ರೀತಿಯ ಗಂಟಿಗೆ ಪರೀಕ್ಷೆ ಇಲ್ಲವಲ್ಲ.

(2015ರ ನೂಡಲ್ಸ್ ಗಲಾಟೆ ನಿಮಗೆ ನೆನಪಿರಬೇಕು. ಜೂನಿನಲ್ಲಿ ಮ್ಯಾಗಿ ನಿಷೇಧ, ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟು ನಿಷೇಧ ತೆಗೆದದ್ದು, ಮರುಪರೀಕ್ಷೆಯಲ್ಲಿ ಮಿತಿಯೊಳಗೇ ಬಂದದ್ದು. ಎರಡು ತಿಂಗಳು ದೇಶವೆಲ್ಲ ಸೀಸದ ಮಾತು. ನೂಡಲ್ಸ್ ವಾಪಸು ಬಂತು, ಮಾತು ನಿಂತಿತು.)

ನಾವು ಕಳಿಸಿದ ಅರಿಶಿನ ಪರೀಕ್ಷೆಯಲ್ಲಿ ಪಾಸಾಯಿತು. ಕೊಂಬು ತಂದು ಮನೆಯಲ್ಲೇ ಕುಟ್ಟಿಸಿದ್ದು. ಖಾರದ ಪುಡಿಯೂ ಪಾಸು. ನನ್ನ ಹೆಂಡತಿ ಫೋನಿನ ಆಚೆ ಗೆದ್ದವಳ ಹಾಗೆ ನಕ್ಕಳು. ಆಮೇಲೆ ಮಗಳು ಹೇಳಿದಳು, ಸಿಕ್ಕಿದ್ದು ಒಂದು ಸಣ್ಣ ಕಾಗದದ ಪೊಟ್ಟಣದಲ್ಲಿ. ಶೇಂದೂರ.

ಮಹಾರಾಷ್ಟ್ರದಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಊರ ಅಗಸೆಯ ಮಾರುತಿಗೆ ಎಣ್ಣೆಯಲ್ಲಿ ಕಲಸಿ ಮೆತ್ತುವ ಕಿತ್ತಳೆ ಬಣ್ಣ ಅದು. ನಮ್ಮ ಕಡೆಯ ಹನುಮಪ್ಪನಿಗೂ ಅದೇ. ಕುಂಕುಮ ಬೇರೆ, ಶೇಂದೂರ ಬೇರೆ. ಒಳ್ಳೆಯ ಕುಂಕುಮ ಅಂದರೆ ಅರಿಶಿನಕ್ಕೆ ಸುಣ್ಣ ಸೇರಿಸಿ ಕೆಂಪು ಮಾಡಿದ್ದು. ಶೇಂದೂರ ಅಂದರೆ ಸೀಸವನ್ನು ಗಾಳಿಯಲ್ಲಿ ಸುಟ್ಟು ಮಾಡಿದ ಕೆಂಪು ಪುಡಿ, ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ಸೀಸವೇ. ಬ್ಯಾಟರಿ ತಟ್ಟೆಗೂ ಅದನ್ನೇ ಮೆತ್ತುತ್ತಾರೆ. ಕಲ್ಲಿನ ದೇವರಿಗೆ ಏನೂ ಆಗುವುದಿಲ್ಲ. ನನ್ನಾಕೆ ಅಮೆರಿಕಕ್ಕೆ ಹೋಗುವ ಮುಂಚೆ ಹಳೆಯ ಪರಿಚಯದವರನ್ನು ಕಾಣಲು ವೈಜಾಪುರಕ್ಕೆ ಹೋಗಿದ್ದಳು. ಪೇಟೆಯ ಅಂಗಡಿಯಲ್ಲಿ ಒಂದು ಪೊಟ್ಟಣ ಕೊಂಡು ಮಾರುತಿಯ ಪಾದಕ್ಕೆ ಮುಟ್ಟಿಸಿ ತಂದಳು. ಕೂಸಿಗೆ ದೃಷ್ಟಿಯಾಗಬಾರದು ಅಂತ ನಾಲ್ಕು ತಿಂಗಳು ದಿನಾ ಸಂಜೆ ಹಣೆಗೆ, ಎಡಗೆನ್ನೆಗೆ ಒಂದೊಂದು ಬೊಟ್ಟು. ಕೂಸು ಗೆನ್ನೆ ಒರೆಸಿಕೊಂಡು ಬೆರಳು ಚೀಪುತ್ತಿತ್ತು.

ಅದೊಂದೇ ಕಾರಣವೇ, ಅಥವಾ ಇನ್ನೂ ಏನಾದರೂ ಸೇರಿತ್ತೇ? ಇಂತಿಷ್ಟು ಇದರಿಂದ ಅಂತ ಯಾರೂ ಹೇಳಲಿಲ್ಲ. ಪೊಟ್ಟಣ ಹೊರಗೆ ಹೋಯಿತು, ಹಾಸಿಗೆ ಬಟ್ಟೆಯೆಲ್ಲ ತೊಳೆದರು, ಹಾಲು, ಕಬ್ಬಿಣದ ಹನಿ ಹೆಚ್ಚಿಸಿದರು. ಮೂರು ತಿಂಗಳಿಗೆ 6 ಬಂತು, ವರ್ಷಕ್ಕೆ 3. ಹುಡುಗ ಈಗ ಶಾಲೆಗೆ ಹೋಗುತ್ತಾನೆ, ಫೋನಿನಲ್ಲಿ ನನ್ನ ಕನ್ನಡ ತಿದ್ದುತ್ತಾನೆ.

2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಅಥವಾ ಅದಕ್ಕಿಂತ ಮೇಲಿದೆ, ಅದರಲ್ಲಿ 27 ಕೋಟಿಗೂ ಹೆಚ್ಚು ನಮ್ಮವು. ಈ ಅಂಕಿಯನ್ನು ನಾನು ಹಿಡಿದು ನೋಡಲಾರೆ, ತುಂಬ ದೊಡ್ಡದು. ನನಗೆ ಕಾಣುವುದು ಬ್ಯಾಟರಿ ಅಂಗಡಿಯ ಸುತ್ತ ಕೂತಿದ್ದ ಹತ್ತು ಹನ್ನೆರಡು ಹುಡುಗರು. ಕಳೆದ ಚಳಿಗಾಲ ಹೋಗಿ ನೋಡಿ ಬಂದೆ. ಅಂಗಡಿ ಇಲ್ಲ, ಅಲ್ಲಿ ಮೊಬೈಲ್ ದುರಸ್ತಿ. ಹಿತ್ತಲು ಹಾಗೇ ಇದೆ, ಬಾಣಲೆ ಇಡುತ್ತಿದ್ದ ಕಲ್ಲುಗಳೂ. ಯಾರೋ ಅಲ್ಲಿ ಮೆಂತ್ಯೆ ಮಡಿ ಮಾಡಿದ್ದರು. ಒಂದು ಎರಡು ವರ್ಷದ ಕೂಸು ಮಣ್ಣಲ್ಲಿ ಕೂತು ಆಡುತ್ತಿತ್ತು. ಅದರ ಅವ್ವನಿಗೆ ಮರಾಠಿಯಲ್ಲಿ ಹೇಳಲು ಶುರು ಮಾಡಿದೆ, ಇಲ್ಲಿ ಬ್ಯಾಟರಿ ಒಡೆಯುತ್ತಿದ್ದರು, ಮಣ್ಣಿನಲ್ಲಿ ಸೀಸ ಉಳಿದಿರುತ್ತದೆ, ಅದು ತಾನಾಗಿ ಹೋಗುವುದಿಲ್ಲ, ಸೊಪ್ಪು ಬೆಳೆಯಬೇಡಿ, ಕೂಸನ್ನು ಬಿಡಬೇಡಿ, ಊಟದ ಮುಂಚೆ ಕೈ ತೊಳೆಸಿ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡಳು. ಕೇಳಿ, "ಕಾಕಾ, ನೀವು ಈ ಜಾಗ ಕೊಳ್ಳೋಕೆ ಬಂದವರಾ?" ಅಂದಳು.

ಅಲ್ಲ ಅಂದೆ. ಮತ್ತೆ ಮೊದಲಿನಿಂದ ಹೇಳಿದೆ.